ಹಬ್ಬದ ಎಲೆ ಮತ್ತು ಮಿತಿಯ ಲೆಕ್ಕ



ಹಬ್ಬದ ಮಧ್ಯಾಹ್ನದ ಒಂದು ದೃಶ್ಯ ಕನ್ನಡ ನಾಡಿನ ಎಲ್ಲರಿಗೂ ಪರಿಚಿತ. ನಡುಮನೆಯಲ್ಲಿ ಸಾಲಾಗಿ ಬಾಳೆಎಲೆ ಹಾಸಿದೆ. ಮನೆಯೊಡತಿಯ ಕೈಯಲ್ಲಿ ಹೋಳಿಗೆಯ ತಟ್ಟೆ, ಅವಳ ಹಿಂದೆ ತುಪ್ಪದ ಗಿಂಡಿ ಹಿಡಿದ ಮಗಳು. ಸಾಲಿನ ಕೊನೆಯಲ್ಲಿ ಕುಳಿತ, ಅರವತ್ತು ದಾಟಿದ ಭಾವ ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿಯುತ್ತಾರೆ. 'ಬೇಡಮ್ಮ, ಸಕ್ಕರೆ ಕಾಯಿಲೆ' ಎನ್ನುತ್ತಾರೆ. 'ವರ್ಷಕ್ಕೊಂದು ಹಬ್ಬ. ಒಂದು ಹೋಳಿಗೆಯಿಂದ ಏನಾಗುತ್ತೆ ಭಾವ? ಸಂಕೋಚ ಮಾಡ್ಕೋಬೇಡಿ' ಎಂಬ ಉತ್ತರ ಬರುತ್ತದೆ. ಬೆರಳುಗಳ ಸಂದಿನಿಂದ ಹೋಳಿಗೆಯೊಂದು ಎಲೆಗೆ ಜಾರುತ್ತದೆ. ಅದರ ಮೇಲೆ ತುಪ್ಪ ಬೀಳುತ್ತದೆ. ಪಂಕ್ತಿಯಲ್ಲಿ ಕುಳಿತವರೆಲ್ಲ ನಗುತ್ತಾರೆ, ಭಾವನೂ ನಗುತ್ತಾರೆ.

ಬಡಿಸಿದವಳದು ಪ್ರೀತಿ. ಅದರಲ್ಲಿ ಅನುಮಾನವಿಲ್ಲ. ಎಲೆಗೆ ಅಡ್ಡ ಬಂದ ಕೈಯದು ಭಯ. ಅದರಲ್ಲಿಯೂ ಅನುಮಾನವಿಲ್ಲ. ಈ ಎರಡರ ನಡುವೆ ಹಬ್ಬ ಯಾವ ಕಡೆಗಿದೆ ಎಂಬುದೇ ಇಂದಿನ ಮಾತಿನ ವಿಷಯ.

ಹಬ್ಬವೆಂದರೆ ಹೊಟ್ಟೆ ಬಿರಿಯುವಂತೆ ತಿನ್ನುವ ದಿನ ಎಂಬ ತಿಳಿವಳಿಕೆ ಸಾಮಾನ್ಯ. ಆದರೆ ಹಳೆಯ ಹಬ್ಬಗಳ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಯುಗಾದಿಯ ದಿನ ಬಾಯಿಗೆ ಮೊದಲು ಬೀಳುವುದು ಹೋಳಿಗೆಯಲ್ಲ, ಬೇವು-ಬೆಲ್ಲ. ನಾಗರ ಪಂಚಮಿಯ ದಿನ ಹಳೆ ಮೈಸೂರಿನ ಅನೇಕ ಮನೆಗಳಲ್ಲಿ ಒಗ್ಗರಣೆಯ ಸದ್ದು ಕೇಳುವುದಿಲ್ಲ, ಬಾಣಲೆ ಒಲೆಯ ಮೇಲೆ ಏರುವುದಿಲ್ಲ. ಹಬೆಯಲ್ಲಿ ಬೆಂದ ಕಡುಬು, ಜೊತೆಗೆ ತಂಬಿಟ್ಟು, ಚಿಗಳಿ. ಕರಾವಳಿಯಲ್ಲಿ ಅರಿಶಿನದ ಎಲೆಯಲ್ಲಿ ಬೇಯಿಸಿದ ಕಡುಬು. ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ಬಗೆಬಗೆಯ ಉಂಡಿಗಳುಂಟು, ಜೋಳದ ಅರಳೂ ಉಂಟು. ಅದರ ಜೊತೆಗೇ ಮರಮರಕ್ಕೆ ಜೋಕಾಲಿ ಕಟ್ಟುವುದೂ ಉಂಟು. ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ ತಿಂದು ಕೂರುವುದಿಲ್ಲ, ಜೀಕುತ್ತಾರೆ.

ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯ ದಿನ ಹಬ್ಬ ಆರಂಭವಾಗುವುದೇ ಕಹಿ ಕಷಾಯದಿಂದ. ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು, ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ, ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಅನಂತರ ಮೆಂತೆ ಗಂಜಿ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪನ್ನು ಬೇಯಿಸಿ, ಅದರ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುತ್ತಾರೆ. ಸಂಕ್ರಾಂತಿಯ ಎಳ್ಳು-ಬೆಲ್ಲ, ಚಳಿಗಾಲದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲರಿಗೂ ಗೊತ್ತಿರುವಂಥವೇ.

ಈ ಆಚರಣೆಗಳಲ್ಲೆಲ್ಲ ವಿಜ್ಞಾನ ಅಡಗಿದೆ ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಅಷ್ಟು ದೂರ ಹೋಗುವುದು ಬೇಡ. ಒಂದು ವಾಡಿಕೆ ಹಳೆಯದೆಂಬ ಕಾರಣಕ್ಕೇ ಸುರಕ್ಷಿತವಾಗುವುದಿಲ್ಲ. ಆಟಿ ಕಷಾಯವೇ ಇದಕ್ಕೆ ಉದಾಹರಣೆ. ಮುಂಜಾನೆಯ ಕತ್ತಲೆಯಲ್ಲಿ ಹಾಲೆ ಮರವೆಂದು ಭಾವಿಸಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಉಗ್ರ ವಿಷ. ಆದ್ದರಿಂದಲೇ ತಿಳಿದ ಹಿರಿಯರು ಹಿಂದಿನ ದಿನ ಹಗಲಿನಲ್ಲೇ ಮರವನ್ನು ಗುರುತು ಮಾಡಿ ಬರುತ್ತಾರೆ. ಮರವನ್ನು ಬಲ್ಲವರು ಇಲ್ಲದ ಕಡೆ ಆ ಆಚರಣೆಯನ್ನು ಕೈಬಿಡುವುದೇ ಲೇಸು.

ಹೀಗಿದ್ದರೂ ಈ ಹಬ್ಬಗಳಲ್ಲಿ ಒಂದು ಸಮಾನ ಗುಣವಿದೆ. ಪ್ರತಿಯೊಂದರಲ್ಲೂ ಭೋಜನದ ಪಕ್ಕದಲ್ಲಿ ಒಂದು ಮಿತಿ ಇದೆ. ಸಿಹಿಯ ಮೊದಲು ಕಹಿ, ಊಟದ ಹಿಂದಿನ ದಿನ ಉಪವಾಸ, ಉಂಡಿಯ ಜೊತೆಗೆ ಜೋಕಾಲಿ. ಅಡುಗೆ ಮತ್ತು ಆರೋಗ್ಯ ಎರಡೂ ಒಂದೇ ಮನೆಯ ಮಾತುಗಳು ಎಂಬ ತಿಳಿವಳಿಕೆ ಕನ್ನಡದಲ್ಲಿ ಬಹಳ ಹಳೆಯದು. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರವೂ ಇದೆ, ವೈದ್ಯವೂ ಇದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ' ಎಂಬ ಅಡುಗೆಯ ಗ್ರಂಥವನ್ನೇ ಬರೆದ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಹುಟ್ಟಿದ್ದು ಇಂಥ ನೆಲದಲ್ಲಿ.

ಈಗ ಆಗಿರುವುದೇನು? ಹಬ್ಬದಲ್ಲಿನ ಭೋಜನ ಉಳಿದಿದೆ, ಮಿತಿ ಜಾರಿಹೋಗಿದೆ. ಅದಕ್ಕಿಂತ ಮುಖ್ಯವಾಗಿ, ಉಣ್ಣುವ ದೇಹವೇ ಬದಲಾಗಿದೆ.

ಎರಡು ತಲೆಮಾರಿನ ಹಿಂದೆ ಹೋಳಿಗೆ ಸಾಮಾನ್ಯ ಮನೆಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಕಾಣುವ ವಸ್ತು. ಉಳಿದ ದಿನಗಳಲ್ಲಿ ಮುದ್ದೆ, ರೊಟ್ಟಿ, ಗಂಜಿ. ಅಂದು ನಾಲ್ಕು ಹೋಳಿಗೆ ತಿಂದ ರೈತ ಮರುದಿನ ಬೆಳಗಾದರೆ ಹೊಲದಲ್ಲಿರುತ್ತಿದ್ದ. ತಿಂದದ್ದಕ್ಕೆ ನೇಗಿಲು ಲೆಕ್ಕ ತೀರಿಸುತ್ತಿತ್ತು. ಇಂದು ಹುಟ್ಟುಹಬ್ಬಕ್ಕೆ ಕೇಕು, ಬಡ್ತಿಗೆ ಮೈಸೂರುಪಾಕು, ಸಂಜೆಯ ಕಾಫಿಗೆ ಬಿಸ್ಕತ್ತು. ವರ್ಷವಿಡೀ ಬಾಯಿಗೆ ಹಬ್ಬ. ಕೆಲಸ ಮಾತ್ರ ಕುರ್ಚಿಯ ಮೇಲೆ. ಅದೇ ನಾಲ್ಕು ಹೋಳಿಗೆ ಇಂದು ಬೀಳುತ್ತಿರುವುದು ಬೇರೆಯೇ ಒಂದು ದೇಹದೊಳಕ್ಕೆ.

ಆ ದೇಹದ ಸ್ಥಿತಿಗೆ ಲೆಕ್ಕವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಮಧುಮೇಹದ ಬೃಹತ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಆ ರೋಗದ ಹೊಸ್ತಿಲಿನಲ್ಲಿ ನಿಂತಿದ್ದಾರೆ. ಹತ್ತಿಪ್ಪತ್ತು ಎಲೆ ಹಾಕಿದ ಪಂಕ್ತಿಯಲ್ಲಿ ಇಂಥವರು ಇಲ್ಲದಿರುವುದು ಅಪರೂಪ ಎಂಬುದು ಇದರ ಸರಳ ಅರ್ಥ.

ಹಬ್ಬದ ಕಾಲದ ತೂಕದ ಬಗ್ಗೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ಇಲ್ಲಿಗೂ ಪಾಠವಾಗಬಲ್ಲದು. 195 ಮಂದಿ ವಯಸ್ಕರನ್ನು ತೂಗಿ ನೋಡಿದ ಈ ಅಧ್ಯಯನ 2000ದಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. ನವೆಂಬರ್ ಕೊನೆಯಿಂದ ಜನವರಿಯವರೆಗಿನ ಅಲ್ಲಿನ ಹಬ್ಬದ ವಾರಗಳಲ್ಲಿ ಸರಾಸರಿ ಏರಿದ ತೂಕ ಅರ್ಧ ಕಿಲೋಗೂ ಕಡಿಮೆ, ಕೇವಲ 0.37 ಕಿಲೋ. ಇಷ್ಟೇನಾ ಎನಿಸುವುದು ಸಹಜ. ಆದರೆ ಸಂಶೋಧಕರನ್ನು ಚಿಂತೆಗೀಡು ಮಾಡಿದ್ದು ಏರಿಕೆಯಲ್ಲ. ಆ ತೂಕ ಮುಂದಿನ ವಸಂತದಲ್ಲಾಗಲಿ ಬೇಸಿಗೆಯಲ್ಲಾಗಲಿ ಇಳಿಯಲಿಲ್ಲ ಎಂಬುದು. ವರ್ಷಕ್ಕೆ ಸ್ವಲ್ಪವೇ ಸೇರಿದರೂ ಹತ್ತು ವರ್ಷಕ್ಕೆ ಅದು ಸ್ವಲ್ಪವಲ್ಲ. ಅವರ ಹಬ್ಬದ ಕಾಲ ಸುಮಾರು ಆರು ವಾರ. ಕರ್ನಾಟಕದಲ್ಲಿ ವರಮಹಾಲಕ್ಷ್ಮಿ ವ್ರತದಿಂದ ಹಿಡಿದು ಗೌರಿ-ಗಣೇಶ, ದಸರಾ, ದೀಪಾವಳಿ ದಾಟಿ ಸಂಕ್ರಾಂತಿಗೆ ಬರುವಷ್ಟರಲ್ಲಿ ಐದು ತಿಂಗಳು ಕಳೆದಿರುತ್ತದೆ.

ಹಾಗಾದರೆ ಹೋಳಿಗೆಯನ್ನೇ ಬಿಡಬೇಕೆ? ಖಂಡಿತ ಇಲ್ಲ. ಅದು ಏನೆಂದು ತಿಳಿದು ತಿನ್ನಬೇಕು. ಹೊರಗಿನ ಕಣಕ ಮೈದಾ, ಒಳಗಿನ ಹೂರಣ ಬೇಳೆ ಮತ್ತು ಬೆಲ್ಲ, ಮೇಲೆ ಎಣ್ಣೆ, ಅದರ ಮೇಲೆ ತುಪ್ಪ. 'ಸಕ್ಕರೆ ಹಾಕಿಲ್ಲ, ಬೆಲ್ಲದ್ದು, ಧಾರಾಳವಾಗಿ ತಿನ್ನಿ' ಎಂದು ಮಧುಮೇಹಿಗಳಿಗೆ ಬಡಿಸುವವರು ಬಹಳ. ಇದು ದೊಡ್ಡ ತಪ್ಪು ಕಲ್ಪನೆ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಅದರಲ್ಲಿರುವ ಅಲ್ಪಸ್ವಲ್ಪ ಖನಿಜಾಂಶ ರಕ್ತದ ಸಕ್ಕರೆ ಏರುವುದನ್ನು ತಡೆಯಲಾರದು. ಜೇನುತುಪ್ಪದ ಮಾತೂ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ಹೀಗೆ ಹೊರಗಿನಿಂದ ಬೆರೆಸುವ ಸಿಹಿ ದಿನದ ಆಹಾರಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಶೇ. 5 ಎಂದರೆ ವಯಸ್ಕರಿಗೆ ಸುಮಾರು 25 ಗ್ರಾಂ, ಆರು ಟೀ ಚಮಚ. ಬೆಳಗಿನಿಂದ ಕುಡಿದ ಮೂರು ಲೋಟ ಕಾಫಿಯಲ್ಲೇ ಅದು ಮುಗಿದುಹೋಗಿರುವ ಮನೆಗಳು ಎಷ್ಟಿಲ್ಲ!

ಬಾಳೆಎಲೆಯ ಊಟದಲ್ಲಿಯೇ ಇದಕ್ಕೊಂದು ದಾರಿಯಿದೆ. ಎಲೆಯ ಮೇಲ್ತುದಿಯಲ್ಲಿ ಮೊದಲು ಬೀಳುವುದು ಕೋಸಂಬರಿ, ಪಲ್ಯ. ಬಹಳ ಮಂದಿ ಅದನ್ನು ಅಲ್ಲೇ ಬಿಟ್ಟು ಸಿಹಿಗೆ ಕೈ ಹಾಕುತ್ತಾರೆ. 2015ರಲ್ಲಿ ಅಮೆರಿಕದ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಹನ್ನೊಂದು ಮಂದಿ ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿ ಮತ್ತು ಪ್ರೋಟೀನಿನ ಪದಾರ್ಥವನ್ನು ಮೊದಲು, ಪಿಷ್ಟದ ಪದಾರ್ಥವನ್ನು ಕೊನೆಗೆ ತಿಂದಾಗ ರಕ್ತದ ಸಕ್ಕರೆಯ ಏರಿಕೆ ಗಮನಾರ್ಹವಾಗಿ ಕಡಿಮೆಯಾಗಿತ್ತು. ಅಧ್ಯಯನ ಚಿಕ್ಕದು, ನಿಜ. ಆದರೆ ಹೆಸರುಬೇಳೆ ಕೋಸಂಬರಿಯನ್ನೂ ಹುರುಳಿಕಾಯಿ ಪಲ್ಯವನ್ನೂ ಮೊದಲು ಪೂರ್ತಿ ತಿಂದು, ಆಮೇಲೆ ಅರ್ಧ ಹೋಳಿಗೆಯನ್ನು ನಿಧಾನವಾಗಿ ಸವಿಯುವುದರಿಂದ ನಷ್ಟವೇನೂ ಇಲ್ಲ. ಹೋಳಿಗೆ ತಿನ್ನುವ ದಿನ ಅನ್ನ ಕಡಿಮೆ ಮಾಡಬೇಕು. ಊಟವಾದ ಮೇಲೆ ಚಾಪೆ ಹಾಸುವ ಬದಲು ಕಾಲುಗಂಟೆ ಬೀದಿಯಲ್ಲಿ ನಡೆದು ಬರಬೇಕು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಗ್ಲೂಕೋಸನ್ನು ತಮ್ಮ ಕೆಲಸಕ್ಕೆ ಎಳೆದುಕೊಳ್ಳುತ್ತವೆ. ಪಂಚಮಿಯ ಜೋಕಾಲಿಗೆ ಪಟ್ಟಣದಲ್ಲಿ ಮರವಿಲ್ಲದಿರಬಹುದು. ನಡೆಯಲು ಬೀದಿಯಂತೂ ಇದೆ.

ಇನ್ನು ಉಪವಾಸದ ಮಾತು. ಏಕಾದಶಿ, ಶಿವರಾತ್ರಿ, ನವರಾತ್ರಿಯ ವ್ರತಗಳಲ್ಲಿ ಹೊಟ್ಟೆಗೆ ವಿಶ್ರಾಂತಿ ಕೊಡುವ ಉದ್ದೇಶವಿತ್ತು. 'ಫಲಾಹಾರ' ಎಂದರೆ ಹಣ್ಣಿನ ಆಹಾರ. ಅದೇ ಪದ ಇಂದು ಕನ್ನಡದಲ್ಲಿ ಉಪ್ಪಿಟ್ಟು, ದೋಸೆ, ಅವಲಕ್ಕಿಗೆ ಹೆಸರಾಗಿರುವುದನ್ನು ನೋಡಿದರೆ ಮಿತಿ ಎಲ್ಲಿ ಜಾರಿತೆಂದು ಗೊತ್ತಾಗುತ್ತದೆ. ಕರಿದ ಸಬ್ಬಕ್ಕಿ ವಡೆ ತಿಂದು ಮಾಡಿದ ಉಪವಾಸ ಹೊಟ್ಟೆಗೆ ಉಪವಾಸವಲ್ಲ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಹಾಗೂ ಕೆಲವು ಬಗೆಯ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಎಂದಿನಂತೆ ಔಷಧಿ ತೆಗೆದುಕೊಂಡು ಪೂಜೆ ಮುಗಿಯುವವರೆಗೆ ಹಸಿದು ಕುಳಿತರೆ ರಕ್ತದ ಸಕ್ಕರೆ ಒಮ್ಮೆಗೇ ಕುಸಿಯಬಹುದು. ಬೆವರು, ಕೈನಡುಕ, ಎದೆಬಡಿತ, ಮಾತಿನಲ್ಲಿ ಗಲಿಬಿಲಿ ಇದರ ಲಕ್ಷಣಗಳು. ಭಕ್ತಿಯ ಪರವಶತೆಯೆಂದೋ ಹಸಿವಿನ ಸುಸ್ತೆಂದೋ ಮನೆಯವರು ಸುಮ್ಮನಿರುವುದುಂಟು. ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವ್ರತ ಹಿಡಿಯುವ ಆಸೆಯಿದ್ದವರು ಒಂದು ವಾರ ಮೊದಲೇ ತಮ್ಮ ವೈದ್ಯರನ್ನು ಕಂಡು, ಆ ದಿನ ಔಷಧಿಯ ಪ್ರಮಾಣ ಎಷ್ಟಿರಬೇಕೆಂದು ಕೇಳುವುದು ವಿವೇಕ. ಹಬ್ಬದ ಗಡಿಬಿಡಿಯಲ್ಲಿ ರಕ್ತದೊತ್ತಡದ ಮಾತ್ರೆ ಮರೆಯುವುದೂ ಇಷ್ಟೇ ಅಪಾಯ.

ಹೊಟ್ಟೆಗೆ ಎಷ್ಟು ಹೋಗಬೇಕು ಎಂಬುದಾದ ಮೇಲೆ ಎಂಥದು ಹೋಗಬೇಕು ಎಂಬುದನ್ನು ನೋಡಬೇಕು. ಹಬ್ಬದ ದಿನ ಅಡುಗೆ ನಸುಕಿನಲ್ಲೇ ಆಗುತ್ತದೆ. ನೈವೇದ್ಯ, ಮಂಗಳಾರತಿ ಮುಗಿದು, ನೆಂಟರೆಲ್ಲ ಬಂದು ಎಲೆ ಹಾಕುವಾಗ ಮಧ್ಯಾಹ್ನ ಎರಡು ಗಂಟೆ. ಉಳಿದದ್ದು ರಾತ್ರಿಗೆ, ರಾತ್ರಿ ಉಳಿದದ್ದು ಬೆಳಿಗ್ಗೆಗೆ. ಸೂಕ್ಷ್ಮಜೀವಿಗಳಿಗೆ ಇಂಥ ಅವಕಾಶವೇ ಬೇಕು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಷಿಯಸ್‌ವರೆಗಿನ ಶಾಖದಲ್ಲಿ ಅವು ಬೇಗ ಬೆಳೆಯುತ್ತವೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಹೊರಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿ ಇರಬಹುದು. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗಾದಾಗ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ಹಾಲಿನ ಸಿಹಿಗಳಿಗೆ ಕೈಯಿಂದ, ಮೂಗಿನಿಂದ, ಬೆರಳಿನ ಗಾಯದಿಂದ ಸೇರುವ ಸ್ಟೆಫಿಲೊಕಾಕಸ್ ಎಂಬ ಇನ್ನೊಂದು ಜೀವಿಯ ವಿಷವೂ ಹೀಗೆಯೇ. ಮತ್ತೆ ಕುದಿಸಿದರೆ ಜೀವಿ ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. 'ಬಿಸಿ ಮಾಡಿಕೊಂಡು ತಿಂದೆವು, ಆದರೂ ವಾಂತಿಯಾಯಿತು' ಎಂಬ ದೂರಿಗೆ ಇದೇ ಉತ್ತರ.

ಹಳೆಯ ಅಡುಗೆಯವರಿಗೆ ಈ ಜೀವಿಗಳ ಹೆಸರು ಗೊತ್ತಿರಲಿಲ್ಲ. ಆದರೆ ಯಾವುದು ಕೆಡುತ್ತದೆ, ಯಾವುದು ತಾಳುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಯಾತ್ರೆಯ ಬುತ್ತಿಗೆ ಪುಳಿಯೋಗರೆ ಕಟ್ಟುತ್ತಿದ್ದುದು ಹುಣಸೆಯ ಹುಳಿ ಅನ್ನವನ್ನು ಕಾಯುತ್ತದೆಂಬ ಅನುಭವದಿಂದ. ಚಕ್ಕುಲಿ, ಕೋಡುಬಳೆ, ಎಳ್ಳುಂಡೆ ವಾರಗಟ್ಟಲೆ ಇರುವುದು ಅವುಗಳಲ್ಲಿ ನೀರಿನ ಅಂಶ ಇಲ್ಲದ್ದರಿಂದ. ಹಸಿ ತೆಂಗಿನಕಾಯಿ ಬಿದ್ದ ಚಟ್ನಿ, ಹಾಲಿನ ಪಾಯಸ, ಕಾಯಿ ಹೋಳಿಗೆಗಳಿಗೆ ಆ ತಾಳಿಕೆಯಿಲ್ಲ. ಅವನ್ನು ಅಂದೇ ಮುಗಿಸಬೇಕು, ಇಲ್ಲವೇ ತಂಗಳು ಪೆಟ್ಟಿಗೆಗೆ ಸೇರಿಸಬೇಕು. ಮಡಿಯ ವಿಚಾರದಲ್ಲಿಯೂ ಇಷ್ಟು ಹೇಳಬಹುದು: ಮನುಷ್ಯರನ್ನು ದೂರವಿಡುವ ಮಡಿಯಿಂದ ಯಾವ ಆರೋಗ್ಯವೂ ಬರಲಿಲ್ಲ, ಬಂದದ್ದು ಅನ್ಯಾಯ. ಸೋಪು ಹಾಕಿ ಕೈ ತೊಳೆಯುವ ಮಡಿಯನ್ನು ಮಾತ್ರ ಎಲ್ಲರೂ ಇಟ್ಟುಕೊಳ್ಳಬೇಕು.

ಅಂಗಡಿಯ ಸಿಹಿ ತರುವವರು ಒಂದು ಫಲಕವನ್ನು ಹುಡುಕಬಹುದು. ಬಿಡಿಯಾಗಿ ಮಾರುವ ಸಿಹಿಯನ್ನು ಯಾವ ದಿನದೊಳಗೆ ತಿನ್ನಬೇಕೆಂದು ಅಂಗಡಿಯವರು ಪ್ರದರ್ಶಿಸಬೇಕು ಎಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಫಲಕ ಇಲ್ಲದಿದ್ದರೆ ಕೇಳುವ ಹಕ್ಕು ಗಿರಾಕಿಗಿದೆ. ಇಷ್ಟೆಲ್ಲ ಎಚ್ಚರವಿದ್ದೂ ವಾಂತಿಭೇದಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಮಕ್ಕಳು ಮತ್ತು ವೃದ್ಧರ ವಿಷಯದಲ್ಲಿ ಕಾಯದೆ ವೈದ್ಯರ ಬಳಿಗೆ ಹೋಗಬೇಕು.

ಅಡುಗೆಮನೆಯಿಂದ ಈಗ ಬಚ್ಚಲುಮನೆಗೆ ಬರೋಣ. ದೀಪಾವಳಿ ಆರಂಭವಾಗುವುದು ಅಲ್ಲಿಯೇ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ 'ನೀರು ತುಂಬುವ ಹಬ್ಬ'. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಥಳಥಳನೆ ಬೆಳಗಿ, ಸಿಂಗರಿಸಿ, ಹೊಸ ನೀರು ತುಂಬುತ್ತಾರೆ. ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಮೈಗೆಲ್ಲ ಎಳ್ಳೆಣ್ಣೆ ಹಚ್ಚಿ ಅಭ್ಯಂಜನ. ಚಳಿಗಾಲದ ಹೊಸ್ತಿಲಿನಲ್ಲಿ ಒಣಗುವ ಚರ್ಮಕ್ಕೆ ಇದು ಹಿತ. ಎಣ್ಣೆ ಬಿದ್ದ ನೆಲದಲ್ಲಿ ಜಾರಿ ಸೊಂಟ ಮುರಿದುಕೊಳ್ಳದಂತೆ ಹಿರಿಯರನ್ನು ಕೈಹಿಡಿದು ಕರೆದೊಯ್ಯಬೇಕು, ಅಷ್ಟೆ.

ಆದರೆ ಇಂದಿನ ಬಚ್ಚಲಿನಲ್ಲಿ ಹಂಡೆಯ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಹಳೆಯ ಬಚ್ಚಲುಮನೆಯಲ್ಲಿ ಹೆಂಚಿನ ಸಂದಿಯಿಂದಲೂ ಗೋಡೆಯ ಗೂಡಿನಿಂದಲೂ ಹೊಗೆ ಹೊರಹೋಗುತ್ತಿತ್ತು, ಗಾಳಿ ಒಳಬರುತ್ತಿತ್ತು. ಹೊಸ ಸ್ನಾನದ ಕೋಣೆ ನಾಲ್ಕು ಅಡಿ ಅಗಲದ ಪೆಟ್ಟಿಗೆ. ಚಳಿಯೆಂದು ಇದ್ದೊಂದು ಕಿಟಕಿಯನ್ನೂ ಮುಚ್ಚಿರುತ್ತಾರೆ. ಗಾಳಿ ಸಾಲದೆ ಅನಿಲ ಪೂರ್ತಿ ಉರಿಯದಿದ್ದಾಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ, ಅನಂತರ ಪ್ರಜ್ಞೆ ತಪ್ಪುವುದು. ಚಿಲಕ ಹಾಕಿದ ಬಾಗಿಲಿನ ಒಳಗೆ ಹೀಗೆ ಸತ್ತವರ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಹಬ್ಬದ ಬೆಳಗ್ಗೆ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗುವಾಗ ಗೀಸರ್ ಬಿಡುವಿಲ್ಲದೆ ಉರಿಯುತ್ತದೆ. ಕೊನೆಯಲ್ಲಿ ಹೋಗುವವರಿಗೆ ಅಪಾಯ ಹೆಚ್ಚು. ಗೀಸರ್ ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಬೇಕು. ಅದು ಸಾಧ್ಯವಾಗುವ ತನಕ ನೀರನ್ನು ಬಕೆಟ್ಟಿಗೆ ತುಂಬಿಕೊಂಡು, ಉರಿ ಆರಿಸಿ, ಬಾಗಿಲು ಕಿಟಕಿ ತೆರೆದು ಗಾಳಿ ಆಡಿದ ಮೇಲೆಯೇ ಸ್ನಾನಕ್ಕೆ ಇಳಿಯಬೇಕು. ಒಳಗಿನವರು ಕರೆದಾಗ ಓಗೊಡದಿದ್ದರೆ ಬಾಗಿಲು ಒಡೆದು, ಅನಿಲ ನಿಲ್ಲಿಸಿ, ಅವರನ್ನು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಸಾಗಿಸಬೇಕು. ಇದು ಒಂದು ನಿಮಿಷವೂ ಯೋಚಿಸುತ್ತ ನಿಲ್ಲುವ ಸಮಯವಲ್ಲ.

ಸ್ನಾನ, ಊಟ ಮುಗಿದು ಸಂಜೆಯಾದರೆ ಪಟಾಕಿ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆ ಪ್ರತಿ ದೀಪಾವಳಿಗೂ ಹಗಲು ರಾತ್ರಿ ಸಜ್ಜಾಗಿ ನಿಲ್ಲಬೇಕಾಗಿರುವುದೇ ಇದರ ಕಥೆಯನ್ನು ಹೇಳುತ್ತದೆ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ದಾರಿಯಲ್ಲಿ ಹೋಗುತ್ತಿದ್ದವರೂ ನಿಂತು ನೋಡುತ್ತಿದ್ದ ಮಕ್ಕಳೂ ಇರುತ್ತಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸಿಡಿಮದ್ದಿನ ಸದ್ದು ಕೂಡದೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿತು. 2018ರ ಅಕ್ಟೋಬರ್‌ನಲ್ಲಿ ಕಡಿಮೆ ಹೊಗೆಯ 'ಹಸಿರು ಪಟಾಕಿ'ಗೆ ಮಾತ್ರ, ದೀಪಾವಳಿಯ ರಾತ್ರಿ ಎಂಟರಿಂದ ಹತ್ತರವರೆಗೆ ಅನುಮತಿ ಕೊಟ್ಟಿತು. ಇಲ್ಲಿಯೂ ಮಾತು ಮಿತಿಯದೇ. ಮನೆಯಲ್ಲಿ ಇರಬೇಕಾಗಿದ್ದ ಮಿತಿಯನ್ನು ನ್ಯಾಯಾಲಯ ಹಾಕಬೇಕಾಯಿತು.

ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು. ಮದ್ದಿನ ಪುಡಿ ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯಬೇಕು. ಚೂರು ಚುಚ್ಚಿದ್ದರೆ ಕೀಳಲು ಹೋಗದೆ, ಒತ್ತಡ ಬೀಳದಂತೆ ಸ್ವಚ್ಛವಾದ ಬಟ್ಟಲನ್ನು ಅಡ್ಡ ಹಿಡಿದು ಕಣ್ಣಿನ ವೈದ್ಯರ ಬಳಿಗೆ ಧಾವಿಸಬೇಕು. ಸುಟ್ಟ ಗಾಯವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಶಾಯಿ, ತುಪ್ಪ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಹಚ್ಚಬಾರದು. ಉಬ್ಬಸವಿರುವವರು ಆ ಸಂಜೆ ಕಿಟಕಿ ಮುಚ್ಚಿಕೊಂಡು ಒಳಗಿರುವುದು, ಇನ್‌ಹೇಲರ್ ಕೈಗೆಟಕುವಲ್ಲಿ ಇಟ್ಟುಕೊಳ್ಳುವುದು ಲೇಸು.

ಈ ಎಲ್ಲ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ದೇಹವಿದೆ. ಅದು ಆರಂಭದಲ್ಲಿ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದವಳ ದೇಹ. ಹಬ್ಬಕ್ಕೆ ವಾರದ ಮೊದಲೇ ಅವಳಿಗೆ ಧೂಳು ಹೊಡೆಯುವ ಕೆಲಸ. ಹಿಂದಿನ ರಾತ್ರಿ ಬೇಳೆ ಆರಿಸುವುದು, ನಸುಕಿಗೆ ರಂಗೋಲಿ, ಆಮೇಲೆ ಇಪ್ಪತ್ತು ಮಂದಿಗೆ ಬೇಕಾದಷ್ಟು ಹೋಳಿಗೆ ತಟ್ಟುವವರೆಗೆ ಒಲೆಯ ಮುಂದೆ ನಿಂತೇ ಇರುವುದು. ಎಲ್ಲರ ಊಟವಾದ ಮೇಲೆ, ಮೂರು ಮೂರೂವರೆಗೆ, ಆರಿದ ಅನ್ನಕ್ಕೆ ಉಳಿದ ಸಾರು ಕಲಸಿಕೊಂಡು ಅವಳ ಹಬ್ಬದೂಟ. ಅವಳ ಮಾತ್ರೆಯ ಹೊತ್ತು ಬೆಳಿಗ್ಗೆಯೇ ದಾಟಿಹೋಗಿರುತ್ತದೆ. ಹಬ್ಬದ ಮರುದಿನ ಮೈಕೈ ನೋವು, ತಲೆಸುತ್ತು ಎಂದು ಮಲಗುವವಳೂ ಅವಳೇ. ಮನೆಯವರೆಲ್ಲರ ಆರೋಗ್ಯಕ್ಕೆ ನಿಯಮ ಮಾಡುವಾಗ ಅವಳ ದುಡಿಮೆಗೂ ಒಂದು ಮಿತಿ ಬೇಡವೇ? ಐದು ಬಗೆಯ ಅಡುಗೆ ಮೂರಕ್ಕೆ ಇಳಿದರೆ ಹಬ್ಬ ಚಿಕ್ಕದಾಗುವುದಿಲ್ಲ. ಗಂಡಸರು ಕಾಯಿ ತುರಿದರೆ, ಪಾತ್ರೆ ತೊಳೆದರೆ, ಎಲೆ ಹಾಕಿ ಬಡಿಸಿದರೆ, ಮೊದಲ ಪಂಕ್ತಿಯಲ್ಲೇ ಅವಳಿಗೂ ಒಂದು ಎಲೆ ಸಿಗುತ್ತದೆ.

ಆ ಪಂಕ್ತಿಯ ಚಿತ್ರಕ್ಕೇ ಮರಳಿ ಬರಬಹುದು. ಭಾವ ಎಲೆಗೆ ಅಡ್ಡ ಕೈ ಹಿಡಿದಿದ್ದಾರೆ. ಬಡಿಸುವವರು ಒತ್ತಾಯಿಸದಿದ್ದರೆ ಉಪಚಾರಕ್ಕೆ ಕುಂದು ಎಂಬ ಅಂಜಿಕೆ ಆತಿಥೇಯರದು. ಬೇಡವೆಂದರೆ ಮನೆಯವರಿಗೆ ಬೇಸರ ಎಂಬ ಅಂಜಿಕೆ ಅತಿಥಿಗಳದು. ಈ ಎರಡು ಅಂಜಿಕೆಗಳ ನಡುವೆ ಸಿಕ್ಕಿಕೊಳ್ಳುವುದು ಒಂದು ಜೀವ. ಅನ್ನಕ್ಕೆ ಕಷ್ಟವಿದ್ದ ಕಾಲದಲ್ಲಿ ಒತ್ತಾಯ ಮಾಡಿ ಬಡಿಸುವುದು ದೊಡ್ಡ ಗುಣವಾಗಿತ್ತು. ಹಸಿದವನು ಸಂಕೋಚದಿಂದ ಬೇಡವೆನ್ನುತ್ತಿದ್ದ, ಅದನ್ನು ಅರಿತ ಮನೆಯೊಡತಿ ಮತ್ತೆ ಬಡಿಸುತ್ತಿದ್ದಳು. ಇಂದು ಬೇಡವೆನ್ನುವವನ ಬೇಡ ನಿಜವಾದ ಬೇಡ. ಅದನ್ನು ಅರಿಯುವುದೇ ಈ ಕಾಲದ ಉಪಚಾರ.

ಅರ್ಧ ಹೋಳಿಗೆ ಬಡಿಸಿ, 'ಸಾಕಾ ಭಾವ? ಕೋಸಂಬರಿ ಇನ್ನೊಂದು ಸ್ವಲ್ಪ ಹಾಕಲಾ?' ಎಂದು ಕೇಳುವ ಮನೆಯಲ್ಲಿ ಪ್ರೀತಿಗೆ ಏನೂ ಕಡಿಮೆಯಾಗುವುದಿಲ್ಲ. ಮುಂದಿನ ವರ್ಷದ ಹಬ್ಬಕ್ಕೂ ಭಾವ ಅದೇ ಸಾಲಿನಲ್ಲಿ ಬಂದು ಕೂರಬೇಕೆಂಬ ಆಸೆಯೇ ಅಲ್ಲವೇ ಆ ಪ್ರೀತಿ?